ಮೇಲೇರುವ ಜಾತಿಗಳೂ ಕೆಳಗುಳಿಯುವ ಜನರೂ

ಹಿಂದೂ ಸಮಾಜದಲ್ಲಿ ಮನುಷ್ಯನ ಮಾನವು ಅವನ ಜಾತಿಯಿಂದಲೂ, ಜಾತಿಯ ಮಾನವು ಧರ್ಮದಿಂದಲೂ ನಿಶ್ಚಿತವಾಗಿರುವದೆಂದೂ, ಧರ್ಮವು ಸನಾತನವಾದ್ದರಿಂದ ಈ ಏರ್ಪಾಡು ಎಂದಿಗೂ ಕದಲಲಾರದೆಂದೂ ಹೇಳುವವರು ನಮ್ಮಲ್ಲಿ ಇಂದಿಗೂ ಕಡಮೆಯಾಗಿಲ್ಲ. ಕೆಲವರು ಇದನ್ನು ಹೆಮ್ಮೆಯಿಂದ ಹೇಳುವರು. ಕೆಲವರು ನಿರಾಶೆಯಿಂದ ಹೇಳುವರು. ಜಾತಿಯ ಏಣಿಯು ಕದಲದೆಂಬ ಒಂದು ಮಾತಿನಲ್ಲಿ ಮಾತ್ರ ಎರಡೂ ಪಕ್ಷದವರಿಗೆ ಒಮ್ಮತವುಂಟು. ಆದರೆ ಕಳೆದ ನೂರಿಪ್ಪತ್ತು ವರ್ಷಗಳ ಇತಿಹಾಸವನ್ನು ಸ್ವಲ್ಪ ಸಮಾಧಾನದಿಂದ ನೋಡಿದವರಿಗೆ ಈ ಮಾತು ನಿಲ್ಲುವಂಥದಲ್ಲವೆಂದು ತಿಳಿಯದೆ ಇರದು. ಮೆಟ್ಟಿಲುಗಳು ಕದಲಿವೆ, ಒಂದು ಮೆಟ್ಟಿಲಿನವರು ಇನ್ನೊಂದಕ್ಕೆ ಏರಿದ್ದಾರೆ. ಕದಲದೆ ಉಳಿದಿರುವದು ಏರಬೇಕೆಂಬ ಹಂಬಲವೊಂದೇ. ಈ ಹಂಬಲಕ್ಕೆ ಬೆಲೆ ತೆತ್ತವರು ಯಾರು, ಇಂದಿಗೂ ತೆರುತ್ತಿರುವವರು ಯಾರು ಎಂಬದನ್ನು ವಾಚಕರ ಮುಂದೆ ಇಡಬೇಕೆಂದು ನಾವು ಬಯಸುತ್ತೇವೆ.

1901ರ ಖಾನೇಷುಮಾರಿಯ ಕಾಲಕ್ಕೆ ಅದರ ಮುಖ್ಯಾಧಿಕಾರಿಯಾಗಿದ್ದ ರಿಸ್ಲೆ ಸಾಹೇಬನಿಗೆ ಒಂದು ವಿಚಾರವು ಹೊಳೆಯಿತು. ಹಿಂದುಸ್ತಾನದ ಜಾತಿಗಳನ್ನು ಸುಮ್ಮನೆ ಅಕ್ಷರಗಳ ಕ್ರಮದಲ್ಲಿ ಬರೆದಿಡುವದಕ್ಕಿಂತ, ದೇಶದ ಜನರು ಯಾವ ಜಾತಿಯನ್ನು ಮೇಲೆಂದೂ ಯಾವದನ್ನು ಕೆಳಗೆಂದೂ ಎಣಿಸುವರೋ ಆ ಕ್ರಮದಲ್ಲಿಯೇ ಬರೆಯಬೇಕೆಂದು ಅವನು ಸಂಕಲ್ಪಿಸಿದನು. ಬಹಳ ಸುಲಭದ ಕೆಲಸವೆಂದು ಅವನಿಗೆ ತೋರಿರಬೇಕು. ಹಿಂದೂಗಳಿಗೆ ತಮ್ಮ ಜಾತಿಯ ಮೇಲು-ಕೀಳು ಹುಟ್ಟಿನಿಂದಲೇ ಗೊತ್ತಿರುವಾಗ ಕೇಳಿ ಬರೆದುಕೊಳ್ಳುವದಕ್ಕೆ ಏನು ಕಷ್ಟ? ಆದರೆ ಕೇಳಹೋದಾಗ ತಿಳಿದುಬಂದದ್ದೇ ಬೇರೆ. ಶಾಸ್ತ್ರದಲ್ಲಿ ವರ್ಣಗಳು ನಾಲ್ಕು. ನಾಡಿನಲ್ಲಿ ಜಾತಿಗಳು ಸಾವಿರಾರು. ನಾಲ್ಕನ್ನು ಸಾವಿರಕ್ಕೆ ಹೊಂದಿಸಿ ಬರೆದ ಪಟ್ಟಿಯು ಯಾವ ಮಠದ ಪೆಟ್ಟಿಗೆಯಲ್ಲಿಯೂ ಇರಲಿಲ್ಲ. ತುತ್ತತುದಿಯಲ್ಲಿರುವವರು ಯಾರು, ಅಡಿಯಲ್ಲಿ ತುಳಿಸಿಕೊಂಡವರು ಯಾರು ಎಂಬಷ್ಟನ್ನು ಎಲ್ಲರೂ ಹೇಳಿದರು. ನಡುವಿನ ಅಸಂಖ್ಯ ಜಾತಿಗಳಲ್ಲಿ ಮಾತ್ರ ಪ್ರತಿಯೊಂದೂ ತನ್ನ ನೆರೆಯವರಿಗಿಂತ ತಾನು ಒಂದು ಗೇಣು ಮೇಲೆಂದು ಹೇಳಿತು. ನೆರೆಯವರು ಅದನ್ನು ಒಪ್ಪಲಿಲ್ಲ.

ಬಳಿಕ ಸುರುವಾಯಿತು ಅರ್ಜಿಗಳ ಮಳೆ. ತಾವು ಕ್ಷತ್ರಿಯರೆಂದೂ ವೈಶ್ಯರೆಂದೂ ಬ್ರಾಹ್ಮಣರೆಂದೂ ಪುರಾಣಗಳ ಆಧಾರಗಳನ್ನು ಕೂಡಿಸಿ, ಪಂಡಿತರ ವ್ಯವಸ್ಥಾಪತ್ರಗಳನ್ನು ಲಗತ್ತಿಸಿ, ಊರೂರಿನ ಜಾತಿಸಭೆಗಳು ಸರಕಾರಕ್ಕೆ ಬರೆದುಕೊಂಡವು. 1911ರಲ್ಲಿ ಈ ಮೇಲು-ಕೀಳಿನ ಪಟ್ಟಿಯನ್ನು ಸರಕಾರವೇ ಕೈಬಿಡಬೇಕಾಯಿತು. ಆ ವರ್ಷ ಬಂಗಾಲದಲ್ಲಿ ಬಂದ ಇಂಥ ಅರ್ಜಿಗಳ ತೂಕವೇ ಒಂದೂವರೆ ಮಣವಾಯಿತೆಂದು ಅಲ್ಲಿಯ ಅಧಿಕಾರಿಯು ತನ್ನ ವರದಿಯಲ್ಲಿ ಬರೆದಿದ್ದಾನೆ. ಅದು ನಲವತ್ತು ಸೇರಿನ ಮಣ. ಇಂದಿನ ಲೆಕ್ಕದಲ್ಲಿ ಐವತ್ತೈದು ಕಿಲೋಗ್ರಾಮಿನಷ್ಟು ಕಾಗದ! 1931ರ ಖಾನೇಷುಮಾರಿಯನ್ನು ನಡೆಯಿಸಿದ ಹಟನ್ ಎಂಬವನು ಇನ್ನೂ ಸ್ವಾರಸ್ಯವಾದ ಸಂಗತಿಯೊಂದನ್ನು ಕಂಡನು. ಒಂದು ಪ್ರಾಂತದಲ್ಲಿ ತಾವು ಬ್ರಾಹ್ಮಣರೆಂದು ಬರೆಯಬೇಕೆಂದು ಕೇಳಿದ ಜಾತಿಯವರೇ ಇನ್ನೊಂದು ಪ್ರಾಂತದಲ್ಲಿ ತಾವು ರಜಪೂತರೆಂದು ಬರೆಯಬೇಕೆಂದು ಕೇಳಿದ್ದರು. ಹತ್ತು ವರ್ಷಗಳ ಹಿಂದೆ ರಜಪೂತರಾಗಿದ್ದವರು ಈಗ ಬ್ರಾಹ್ಮಣರಾಗಬಯಸಿದ್ದರು. ಸನಾತನವೆಂದು ಹೇಳುವ ಏರ್ಪಾಡಿಗೆ ಹತ್ತು ವರ್ಷಗಳ ಬಾಳಿಕೆಯೂ ಇಲ್ಲವಾದರೆ ಅದನ್ನು ಧರ್ಮವೆನ್ನಬೇಕೋ ಪೈಪೋಟಿಯೆನ್ನಬೇಕೋ ವಾಚಕರೇ ನಿರ್ಣಯಿಸಲಿ.

ಕನ್ನಡಿಗರು ಇದನ್ನು ತಿಳಿಯಲು ಬಂಗಾಲಕ್ಕೆ ಹೋಗಬೇಕಾದುದಿಲ್ಲ. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಮ್ಮ ನಾಡಿನಲ್ಲಿ ಒಂದೇ ಜಾತಿಗೆ ಮುಂಬಯಿ ಇಲಾಖೆಯಲ್ಲಿ ಒಂದು ಸ್ಥಾನ, ಮೈಸೂರು ಸಂಸ್ಥಾನದಲ್ಲಿ ಒಂದು ಸ್ಥಾನ, ನಿಜಾಮರ ಸೀಮೆಯಲ್ಲಿ ಇನ್ನೊಂದು ಸ್ಥಾನವಿತ್ತು. 1956ರ ನವೆಂಬರ 1ರಂದು ನಾಡು ಒಂದಾದ ಮೇಲೆಯೂ ಈ ಪಟ್ಟಿಗಳನ್ನು ಒಂದುಗೂಡಿಸುವದಕ್ಕೆ ಎರಡು ದಶಕಗಳು ಹಿಡಿದವು. ಒಂದು ಜಿಲ್ಲೆಯಲ್ಲಿ ಪರಿಶಿಷ್ಟರೆನಿಸಿದವರು ಪಕ್ಕದ ಜಿಲ್ಲೆಗೆ ಹೋದರೆ ಪರಿಶಿಷ್ಟರಲ್ಲವೆಂಬ ವಿಚಿತ್ರವನ್ನು ಬಹುಮಟ್ಟಿಗೆ ಅಳಿಸಿದ್ದು 1976ರ ತಿದ್ದುಪಡಿಯ ಕಾಯಿದೆಯು. ಗಡಿಯಾಚೆಗೆ ಆ ವಿಚಿತ್ರವು ಉಳಿದೇ ಇದೆ. ಲಂಬಾಣಿಗರನ್ನೇ ನೋಡಿರಿ. ಬೀದರದ ತಾಂಡೆಯಲ್ಲಿ ಹುಟ್ಟಿದವನು ಪರಿಶಿಷ್ಟ ಜಾತಿಯವನು. ಗಡಿ ದಾಟಿ ಜಹೀರಾಬಾದಿನ ತಾಂಡೆಯಲ್ಲಿ ಹುಟ್ಟಿದವನು ಪರಿಶಿಷ್ಟ ಪಂಗಡದವನು. ಸೊಲ್ಲಾಪುರದ ಕಡೆಯವನು ವಿಮುಕ್ತ ಜಾತಿಯವನು. ಮೂವರೂ ಆಡುವ ಮಾತು ಒಂದೇ, ಮೂವರೂ ಕೈಮುಗಿಯುವ ಸೇವಾಲಾಲರು ಒಬ್ಬರೇ, ಮೂವರ ನಡುವೆ ಹೆಣ್ಣು ಕೊಟ್ಟು ತರುವದೂ ಉಂಟು. ಅತ್ತೆಯ ಮನೆಗೆ ಹೋದ ಮಗಳ ಮಕ್ಕಳು ಬೇರೆ ವರ್ಗಕ್ಕೆ ಸೇರುವರು. ಸರಕಾರದ ಪಟ್ಟಿಯು ಬೇರೆ, ಸಮಾಜದ ಗೌರವವು ಬೇರೆಯೆಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇವೆ. ಆದರೆ ಎರಡನ್ನೂ ಮಾಡಿದವರು ಮನುಷ್ಯರೇ ಎಂಬದಷ್ಟನ್ನು ಇಲ್ಲಿ ಗಮನಿಸಿದರೆ ಸಾಕು.

ಹಾಗಾದರೆ ಸಮಾಜದಲ್ಲಿ ಒಂದು ಜಾತಿಯು ಮೇಲೇರುವ ಬಗೆ ಯಾವದು? ಇದನ್ನು ಜಗತ್ತಿಗೆ ವಿವರಿಸಿ ಹೇಳಿದವರು ನಮ್ಮವರೇ ಆದ ಒಬ್ಬ ಕನ್ನಡಿಗ ವಿದ್ವಾಂಸರು. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರು ಕೊಡಗರ ಧರ್ಮವನ್ನೂ ಸಮಾಜವನ್ನೂ ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ರಮಕ್ಕೆ ಸಂಸ್ಕೃತೀಕರಣವೆಂಬ ಹೆಸರನ್ನಿಟ್ಟರು. 1948ರಲ್ಲಿ ಅವರು ಮೈಸೂರ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸಮಾಡಿ, ಆ ಊರಿಗೆ ರಾಂಪುರವೆಂದು ಹೆಸರು ಮರೆಸಿ, ಯಾರು ಯಾರ ಮನೆಯಲ್ಲಿ ನೀರು ಕುಡಿಯುವರು, ಯಾರು ಯಾರ ಜಗಲಿಯ ಮೇಲೆ ಕೂಡುವರು ಎಂಬದನ್ನೆಲ್ಲ ಬರೆದುಕೊಂಡಿದ್ದರು. (ಆ ಸಾಮಗ್ರಿಯಿಂದ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಅಮೇರಿಕೆಯಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು, ಆಮೇಲೆ ಅವರು ಆ ಊರನ್ನು ಬಹಳಮಟ್ಟಿಗೆ ನೆನಪಿನಿಂದಲೇ ಬರೆದರು.) ಅವರು ಕಂಡದ್ದು ಇದು: ಕೆಳಗಿನ ಜಾತಿಯೊಂದಕ್ಕೆ ಭೂಮಿಯೋ ಹಣವೋ ಅಧಿಕಾರವೋ ದೊರೆತರೆ ಅದು ಅಷ್ಟಕ್ಕೆ ತೃಪ್ತವಾಗುವದಿಲ್ಲ. ಮಾಂಸವನ್ನು ಬಿಡುವದು, ಹೆಂಡವನ್ನು ಬಿಡುವದು, ಜನಿವಾರವನ್ನು ಹಾಕಿಕೊಳ್ಳುವದು, ಗ್ರಾಮದೇವತೆಗೆ ಕೋಣ ಕಡಿಯುವದನ್ನು ನಿಲ್ಲಿಸಿ ಪುರೋಹಿತರನ್ನು ಕರೆಯಿಸುವದು, ಹಳೆಯ ಹೆಸರನ್ನು ತೊರೆದು ಸಂಸ್ಕೃತದ ಹೆಸರನ್ನು ಧರಿಸುವದು. ಒಂದೆರಡು ತಲೆಮಾರುಗಳು ಕಳೆದ ಮೇಲೆ ನಮ್ಮ ಹಿರಿಯರು ಮೊದಲಿನಿಂದಲೂ ಹೀಗೆಯೇ ಇದ್ದರೆಂದು ಹೇಳಿಕೊಳ್ಳುವದು.

ಏರಿದವರನ್ನೆಲ್ಲ ಸಮಾಜವು ಒಪ್ಪಿತೆಂದು ತಿಳಿಯಬಾರದು. ನಮ್ಮ ಅಕ್ಕಸಾಲಿಗರು, ಬಡಿಗರು, ಕಮ್ಮಾರರು, ಅಂದರೆ ಪಾಂಚಾಳರು, ತಮ್ಮ ಪೌರೋಹಿತ್ಯವನ್ನು ತಾವೇ ನಡೆಯಿಸಿಕೊಳ್ಳುವ ಹಕ್ಕಿಗಾಗಿ ಚಿತ್ತೂರಿನ ಅದಾಲತಿನವರೆಗೆ ಹೋಗಿ 1818ರಲ್ಲಿ ಗೆದ್ದು ಬಂದರು. ವೇದಮಂತ್ರ, ಜನಿವಾರ, ಶಾಕಾಹಾರ ಯಾವದರಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ಆದರೂ ಮೈಸೂರ ಸೀಮೆಯಲ್ಲಿ ಅವರ ಕೈಯ ನೀರನ್ನು ಹೊಲೆಯರು ಸಹ ಕುಡಿಯುತ್ತಿರಲಿಲ್ಲವೆಂದು ಶ್ರೀನಿವಾಸರೇ ಬರೆದಿದ್ದಾರೆ. ಬಲಗೈ-ಎಡಗೈ ಎಂಬ ಹಳೆಯ ಬಣಗಳ ವೈರವು ಅದರ ಕಾರಣವು. ಹೀಗೆ ಕೋರ್ಟು ಕೊಟ್ಟದ್ದನ್ನು ಕೇರಿಯು ಕೊಡಲಿಲ್ಲ.

ಅವಮಾನವನ್ನು ಉಂಡವನು ಮಾನವನ್ನು ಬಯಸುವದು ಸಹಜವು. ಅವನನ್ನು ನೋಡಿ ನಗುವ ಅಧಿಕಾರವು ಯಾರಿಗೂ ಇಲ್ಲ. ಹೆಂಡವನ್ನು ಬಿಟ್ಟು ಮಕ್ಕಳನ್ನು ಓದಿಸಿದ ಜಾತಿಯನ್ನು ನಾವು ಹೇಗೆ ತಾನೆ ದೂಷಿಸೋಣ? ನಮ್ಮ ತಕರಾರು ಇರುವದು ಮೇಲೇರುವದರ ಮೇಲಲ್ಲ, ಮೇಲಿನವರಲ್ಲಿ ಯಾವದನ್ನು ನೋಡಿ ಅನುಕರಿಸಿದರೆಂಬದರ ಮೇಲೆ. ಬ್ರಾಹ್ಮಣರಿಂದ ಅವರ ಓದನ್ನೂ ಲೆಕ್ಕಪತ್ರದ ಜಾಣತನವನ್ನೂ ಕಲಿಯುವದು ಒಂದು. ಅವರ ಮನೆಯ ವಿಧವೆಯ ದುಃಖವನ್ನು ತಮ್ಮ ಮನೆಗೂ ತಂದುಕೊಳ್ಳುವದು ಇನ್ನೊಂದು.

ಈ ಎರಡನೆಯದರ ಇತಿಹಾಸವನ್ನು ನಮ್ಮ ಜಾತಿಸಂಘಗಳು ತಮ್ಮ ಮಹೋತ್ಸವದ ಸಂಚಿಕೆಗಳಲ್ಲಿ ಅಚ್ಚುಹಾಕುವದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕನ್ನಡನಾಡಿನ ಒಕ್ಕಲು ಜಾತಿಗಳಲ್ಲಿಯೂ ಕುರಿ ಕಾಯುವ, ಬಟ್ಟೆ ನೇಯುವ, ಎಣ್ಣೆ ತೆಗೆಯುವ ಅನೇಕ ಜಾತಿಗಳಲ್ಲಿಯೂ ಗಂಡ ಸತ್ತವಳು ಮತ್ತೆ ಸಂಸಾರ ಹೂಡುವ ಪದ್ಧತಿಯು ಇತ್ತು. ಉತ್ತರದ ಕಡೆಗೆ ಅದಕ್ಕೆ ಉಡಿಕೆಯೆಂದರು. ಮೈಸೂರ ಕಡೆಗೆ ಕೂಡಾವಳಿಯೆಂದೂ ಸೀರುಡಿಕೆಯೆಂದೂ ಕರೆದರು. ಅದಕ್ಕೆ ವಾಲಗವಿರಲಿಲ್ಲ, ಹಂದರವಿರಲಿಲ್ಲ, ಮುತ್ತೈದೆಯರು ಮುಂದೆ ನಿಲ್ಲುತ್ತಿರಲಿಲ್ಲ. ಇಳಿಹೊತ್ತಿನಲ್ಲಿ ಕುಲದ ಹಿರಿಯರ ಎದುರಿಗೆ ಗಂಡಸು ಒಂದು ಸೀರೆಯನ್ನು ಕೊಟ್ಟರೆ ಅದೇ ಮದುವೆಯು. ಮೊದಲ ಮದುವೆಯಷ್ಟು ಗೌರವವು ಅದಕ್ಕೆ ಇರಲಿಲ್ಲವೆಂಬದು ನಿಜ. ಆ ಸಂತತಿಯನ್ನು ಬೇರೆ ಸಾಲಿನದೆಂದು ಎಣಿಸುವ ಕಡೆಗಳೂ ಇದ್ದವು. ಆದರೂ ಇಪ್ಪತ್ತು ವರ್ಷದ ಹುಡುಗಿಯು ಉಳಿದ ಆಯುಷ್ಯವನ್ನೆಲ್ಲ ಅಡಿಗೆಮನೆಯ ಮೂಲೆಯಲ್ಲಿ ಕಳೆಯಬೇಕೆಂಬ ಕ್ರೌರ್ಯವು ಆ ಜಾತಿಗಳಲ್ಲಿ ಇರಲಿಲ್ಲ. ಮದುವೆಯ ಕೊಡುಕೊಳ್ಳುವಿಕೆಯ ಮಾತೂ ಹೀಗೆಯೇ. ಗಂಡಿನ ಮನೆಯವರು ಹೆಣ್ಣಿನ ಮನೆಯವರಿಗೆ ತೆರ ಕೊಟ್ಟು ಹೆಣ್ಣನ್ನು ತರುತ್ತಿದ್ದರು. ತೆರವು ದೋಷವಿಲ್ಲದ ಪದ್ಧತಿಯೆಂದು ನಾವು ಹೇಳುವದಿಲ್ಲ. ಹೊಲದಲ್ಲಿ ಗಂಡಸಿಗೆ ಸಮನಾಗಿ ದುಡಿಯುವ ಹೆಣ್ಣುಮಗಳು ಮನೆ ಬಿಟ್ಟು ಹೋದರೆ ತೌರಿಗೆ ನಷ್ಟವೆಂಬ ತಿಳುವಳಿಕೆಯು ಮಾತ್ರ ಅದರೊಳಗೆ ಇತ್ತು.

ಜಾತಿಯು ಮೇಲೇರಲು ಹೊರಟಾಗ ಮೊದಲು ಬಿಟ್ಟುಕೊಟ್ಟದ್ದು ಇವನ್ನೇ. ಉಡಿಕೆಯು ಕೀಳುಜಾತಿಯ ಗುರುತೆಂದು ಜಾತಿಯ ಹಿರಿಯರಿಗೆ ತೋರಿತು, ನಿಲ್ಲಿಸಿದರು. ತೆರವು ಹೆಣ್ಣು ಮಾರಿದಂತೆಂದು ತೋರಿತು, ನಿಲ್ಲಿಸಿದರು. ಅದರ ಸ್ಥಾನಕ್ಕೆ ವರದಕ್ಷಿಣೆಯು ಬಂದಿತು, ಮತ್ತು ಅದು ಗಂಡು ಮಾರಿದಂತೆಂದು ಯಾರಿಗೂ ತೋರಲಿಲ್ಲ. ಹೊಲಕ್ಕೆ ಹೋಗುತ್ತಿದ್ದ ಹೆಂಗಸು ಮನೆಯೊಳಗೆ ಉಳಿದದ್ದೇ ಮನೆತನದ ಮರ್ಯಾದೆಯಾಯಿತು. ಕಾಲದ ವಿಪರ್ಯಾಸವನ್ನು ಇಲ್ಲಿ ಗಮನಿಸಬೇಕು. 1856ರಲ್ಲಿ ವಿಧವಾವಿವಾಹದ ಕಾಯಿದೆಯಾಯಿತು. 1893ರಲ್ಲಿ ಪುಣೆಯ ಧೋಂಡೋ ಕೇಶವ ಕರ್ವೆಯವರು ವಿಧವೆಯೊಬ್ಬಳನ್ನು ಮದುವೆಯಾಗಿ ತಮ್ಮವರ ಬಹಿಷ್ಕಾರವನ್ನು ಹೊತ್ತರು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ಕಾದಂಬರಿಯ ನಾಯಿಕೆಯಾದ ವಿಧವೆಗೆ ಮರುಮದುವೆಯಾಯಿತು. ಹೀಗೆ ಮೇಲಿನ ಮೆಟ್ಟಿಲಿನ ಸುಧಾರಕರು ಯಾವ ಬಾಗಿಲನ್ನು ತೆರೆಯಲು ಹೆಣಗುತ್ತಿದ್ದರೋ ಅದೇ ಬಾಗಿಲನ್ನು ಕೆಳಗಿನ ಮೆಟ್ಟಿಲಿನಿಂದ ಏರಿ ಬರುತ್ತಿದ್ದವರು ತಮ್ಮ ಹೆಣ್ಣುಮಕ್ಕಳ ಪಾಲಿಗೆ ಮುಚ್ಚುತ್ತಿದ್ದರು! ಸಂಸ್ಕೃತೀಕರಣವು ಹೆಂಗಸರ ಪಾಲಿಗೆ ಕಠಿಣವಾಗಿ ಪರಿಣಮಿಸುವದೆಂದು ಶ್ರೀನಿವಾಸರೇ ಹೇಳಿದ್ದರು; ನಮ್ಮ ಮುಂದಾಳುಗಳು ಅವರ ಬರಹಗಳಿಂದ ತಮಗೆ ಬೇಕಾದ ಶಬ್ದವೊಂದನ್ನು ಮಾತ್ರ ತೆಗೆದುಕೊಂಡರು. ವರದಕ್ಷಿಣೆಯನ್ನು 1961ರ ಕಾಯಿದೆಯು ನಿಷೇಧಿಸಿದೆ. ಆದರೂ 2022ರೊಂದು ವರ್ಷದಲ್ಲಿಯೇ ದೇಶದಲ್ಲಿ ವರದಕ್ಷಿಣೆಯ ಸಾವುಗಳೆಂದು ದಾಖಲಾದವು ಆರು ಸಾವಿರಕ್ಕೆ ಮೇಲ್ಪಟ್ಟಿವೆ. ಇವರಲ್ಲಿ ಎಷ್ಟು ಜನರ ಅಜ್ಜಿಯರು ತೆರ ಪಡೆದು ಮದುವೆಯಾಗಿದ್ದರೋ ಎಂದು ನೆನೆದರೆ ಮನಸ್ಸಿಗೆ ವ್ಯಥೆಯಾಗುವದು.

ಬೆಲೆ ತೆತ್ತ ಎರಡನೆಯವರು ಏಣಿಯ ಬುಡದಲ್ಲಿ ಇದ್ದವರು. ಡಾಕ್ಟರ ಅಂಬೇಡಕರರು ಜಾತಿಯ ರೋಗವನ್ನು ಬರಿಯ ಅಸಮಾನತೆಯೆನ್ನದೆ ಶ್ರೇಣಿಶ್ರೇಣಿಯಾದ ಅಸಮಾನತೆಯೆಂದು ಗುರುತಿಸಿದರು. ಎಲ್ಲರೂ ತುಳಿಯಲ್ಪಟ್ಟಿದ್ದರೂ ಪ್ರತಿಯೊಬ್ಬನಿಗೂ ತನಗಿಂತ ಕೆಳಗೆ ಒಬ್ಬನನ್ನು ಇಟ್ಟು ಕೊಟ್ಟಿರುವದರಿಂದ, ಎಲ್ಲರೂ ಒಟ್ಟಾಗಿ ಏಳುವದಿಲ್ಲ. ಲಾಹೋರಿನ ಸಭೆಗೆಂದು ಬರೆದು, ಅಲ್ಲಿ ಓದಲು ಆಸ್ಪದವಿಲ್ಲದೆ ಹೋದ ಭಾಷಣವನ್ನು 1936ರಲ್ಲಿ ಅವರೇ ಪುಸ್ತಕವಾಗಿ ಪ್ರಕಟಿಸಿದರು. ಆ ಮಾತಿಗೆ ತೊಂಬತ್ತು ವರ್ಷಗಳಾಗುತ್ತ ಬಂದರೂ ನಮ್ಮ ಹಳ್ಳಿಗಳು ಅದಕ್ಕೆ ಹೊಸ ಹೊಸ ಉದಾಹರಣೆಗಳನ್ನು ಒದಗಿಸುತ್ತಲೇ ಇವೆ. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಮಳೆ ಬಂತೆಂದು ಹನುಮಂತನ ಗುಡಿಯೊಳಗೆ ಓಡಿಹೋದ ಒಂದು ಎಳೆಯ ಕೂಸಿನ ಕಾಲ ಗುರುತನ್ನು ತೊಳೆಯುವದಕ್ಕೆಂದು ಅದರ ತಂದೆತಾಯಿಗಳಿಂದ ಸಾವಿರಾರು ರೂಪಾಯಿ ದಂಡವನ್ನು ಕೇಳಿದರು. 2022ರಲ್ಲಿ ಚಾಮರಾಜನಗರದ ಹೆಗ್ಗೋಠಾರದಲ್ಲಿ ಬಾಯಾರಿದ ದಲಿತ ಹೆಂಗಸೊಬ್ಬಳು ತೊಂಬೆಯ ನಳದಿಂದ ನೀರು ಕುಡಿದಳೆಂದು ತೊಂಬೆಯ ನೀರನ್ನೆಲ್ಲ ಹೊರಗೆ ಬಿಟ್ಟು ಗೋಮೂತ್ರದಿಂದ ತೊಳೆದರು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದ ಅಂಗಡಿಗೂ ಹೊಟೆಲ್ಲಿಗೂ ದಲಿತರನ್ನು ಸೇರಿಸಬೇಕೆಂಬ ತಂಟೆಯಿಂದ ಬೆಳೆದ ದ್ವೇಷವು 2014ರ ಅಗಸ್ಟದಲ್ಲಿ ಅವರ ಗುಡಿಸಲುಗಳಿಗೆ ಬೆಂಕಿಯಿಡುವಲ್ಲಿಗೆ ಮುಟ್ಟಿತು. 2024ರ ಅಕ್ಟೋಬರದಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಮೇಲ್ಮನವಿಯು ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಅದರ ಮಾತು ಬೇರೆ. ನಮ್ಮ ಪ್ರಶ್ನೆಯು ಇಷ್ಟೆ: ಇಂಥ ಊರುಗಳಲ್ಲಿ ದಂಡ ಕೇಳುವವರು, ನೀರು ಚೆಲ್ಲುವವರು, ಬೆಂಕಿಯಿಡುವವರು ಯಾರು? ಶಾಸ್ತ್ರಗ್ರಂಥಗಳನ್ನು ಬರೆದವರ ವಂಶದವರೇ ಎಲ್ಲ ಕಡೆಗೂ ಇದ್ದಾರೆಯೇ? ಇಲ್ಲ. ಬಹಳ ಕಡೆಗಳಲ್ಲಿ ಅವರು ಒಂದೆರಡು ತಲೆಮಾರುಗಳ ಹಿಂದೆ ತಾವೇ ಗುಡಿಯ ಗರ್ಭಾಂಗಣದಿಂದ ದೂರ ನಿಂತವರು, ತಮ್ಮನ್ನು ಶೂದ್ರರೆಂದು ಕರೆದುದಕ್ಕೆ ಕಣ್ಣೀರಿಟ್ಟು ಅರ್ಜಿ ಬರೆದವರು. ಅವರು ಗಳಿಸಿದ ಹೊಸ ಗೌರವವು ಇನ್ನೊಬ್ಬನು ಕೆಳಗೇ ನಿಂತಿರುವವರೆಗೆ ಮಾತ್ರ ಗೌರವವೆಂದು ಅವರಿಗೆ ಅನಿಸುವದು. 2011-12ರಲ್ಲಿ ನಡೆದ ಅಖಿಲ ಭಾರತದ ಸಮೀಕ್ಷೆಯೊಂದರಲ್ಲಿ ನೂರು ಮನೆಗಳಲ್ಲಿ ಸುಮಾರು 27 ಮನೆಯವರು ತಮ್ಮಲ್ಲಿ ಯಾವದಾದರೊಂದು ಬಗೆಯ ಅಸ್ಪೃಶ್ಯತೆಯು ನಡೆಯುವದೆಂದು ತಾವಾಗಿಯೇ ಒಪ್ಪಿಕೊಂಡರು. ಕೇಳಬಂದವನ ಎದುರಿಗೆ ನಾಚಿ ಇಲ್ಲವೆಂದವರ ಲೆಕ್ಕವು ಇದರಲ್ಲಿಲ್ಲ.

ಇಂದಿನ ದಿನಗಳಲ್ಲಿ ಅರ್ಜಿಗಳ ಮುಖವು ತಿರುಗಿದೆ. ಆಗ ನಮ್ಮನ್ನು ಮೇಲೆ ಬರೆಯಿರಿ ಎಂದವರು ಈಗ ನಮ್ಮನ್ನು ಹಿಂದುಳಿದವರ ಪಟ್ಟಿಯಲ್ಲಿ ಬರೆಯಿರಿ ಎನ್ನುತ್ತಾರೆ. 2021ರ ಆರಂಭದಲ್ಲಿ ಪಂಚಮಸಾಲಿಗರು 2ಎ ವರ್ಗಕ್ಕಾಗಿ ಕೂಡಲಸಂಗಮದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಅದೇ ಕಾಲಕ್ಕೆ ಕುರುಬರು ಪರಿಶಿಷ್ಟ ಪಂಗಡದಲ್ಲಿ ಸೇರಿಸಬೇಕೆಂದು ಪಾದಯಾತ್ರೆ ಮಾಡಿದರು. ಇದನ್ನು ಕಂಡು ಕುಹಕವಾಡುವವರ ಸಾಲಿಗೆ ನಾವು ಸೇರುವದಿಲ್ಲ. ಮೀಸಲಾತಿಯು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ ಸಮಿತಿಯನ್ನು ನೇಮಿಸಿದಾಗ, ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರ ಕೈಯಲ್ಲಿಯೇ ಸಂಸ್ಥಾನದ ಬಹುತೇಕ ದೊಡ್ಡ ಹುದ್ದೆಗಳು ಇದ್ದವು; ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧವನ್ನೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ ಉಳಿದವರಿಗೆ ಕೊಡಬೇಕೆಂದು ಆ ಸಮಿತಿಯು ಹೇಳಿದ್ದು ನ್ಯಾಯವಾಗಿಯೇ ಇತ್ತು. 1975ರ ಹಾವನೂರ ಆಯೋಗದ ವರದಿಯು ಅದೇ ನ್ಯಾಯವನ್ನು ಇನ್ನೂ ಕೆಳಗಿನವರೆಗೆ ಮುಟ್ಟಿಸಿತು. ಯಾವ ಜಾತಿಗೆ ಎಷ್ಟು ಪಾಲು ಸಲ್ಲಬೇಕೆಂಬದನ್ನು ಲೆಕ್ಕವು ತೀರ್ಮಾನಿಸಲಿ. 1931ರ ತರುವಾಯ ಪೂರ್ತಿಯಾಗಿ ನಡೆಯದ ಜಾತಿಗಳ ಎಣಿಕೆಯನ್ನು 2027ರ ಖಾನೇಷುಮಾರಿಯಲ್ಲಿ ಮಾಡಬೇಕೆಂದು ಕೇಂದ್ರ ಸರಕಾರವು 2025ರಲ್ಲಿ ನಿಶ್ಚಯಿಸಿದ್ದು ಸರಿಯಾದದ್ದೇ.

ಆದರೆ ಹಿಂದುಳಿದವರೆಂದು ಬರೆಯಿಸಿಕೊಳ್ಳಲು ಸಿದ್ಧರಾದುದರಿಂದ ಜಾತಿಯ ಅಭಿಮಾನವು ಕರಗಿತೆಂದು ಹೇಳುವವರ ಮಾತನ್ನು ನಾವು ನಂಬಲಾರೆವು. ಕಛೇರಿಯ ಕಾಗದದಲ್ಲಿ ಒಂದು ಮೆಟ್ಟಿಲು ಇಳಿದವರು ಮದುವೆಯ ಲಗ್ನಪತ್ರಿಕೆಯಲ್ಲಿ ಇಳಿದದ್ದನ್ನು ನಾವು ಕಂಡಿಲ್ಲ. ದೇಶದಲ್ಲಿ ಆಗುವ ನೂರು ಮದುವೆಗಳಲ್ಲಿ ಜಾತಿಯನ್ನು ಮೀರಿದವು ಸುಮಾರು ಐದೇ ಎಂದು ಅದೇ 2011-12ರ ಸಮೀಕ್ಷೆಯು ತಿಳಿಸಿತು. ಉಳಿದ ತೊಂಬತ್ತೈದರಲ್ಲಿ ಹಿಂದುಳಿದವರೂ ಇದ್ದಾರೆ, ಮುಂದುವರಿದವರೂ ಇದ್ದಾರೆ, ಸಭೆಗಳಲ್ಲಿ ಬಸವಣ್ಣನವರ ಹೆಸರನ್ನು ಎತ್ತಿ ಮಾತನಾಡುವವರೂ ಇದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಲಗ್ನಕ್ಕಾಗಿ ಇಬ್ಬರು ತಂದೆಯರೂ ಪ್ರಾಣವನ್ನು ತೆತ್ತರೆಂದು ಪರಂಪರೆಯು ಹೇಳುವದು. ಆ ಪರಂಪರೆಯ ಮಕ್ಕಳು ಒಳಪಂಗಡಗಳ ಹೆಸರಿನಲ್ಲಿ ಇಂದು ವಧೂವರರ ಸಮಾವೇಶಗಳನ್ನು ಏರ್ಪಡಿಸುತ್ತಿರುವರು. ಇದು ಅವರೊಬ್ಬರ ದೋಷವಲ್ಲ. ಜಾತಿಯನ್ನು ಅಳಿಸಲು ಹುಟ್ಟಿದ ಪಂಥವನ್ನು ಸಹ ಮತ್ತೊಂದು ಜಾತಿಯಾಗಿ ಮಾರ್ಪಡಿಸುವ ಶಕ್ತಿಯು ನಮ್ಮ ಸಮಾಜಕ್ಕೆ ಇದೆಯೆಂಬದನ್ನು ತಿಳಿದು ಎಲ್ಲರೂ ಎಚ್ಚರವಾಗಿರಬೇಕಾಗಿದೆ.

ಅನುಕರಣವಿಲ್ಲದೆ ಮಾನವನ್ನು ಗಳಿಸುವ ದಾರಿಯೇ ಇಲ್ಲವೆಂದು ಯಾರೂ ನಿರಾಶರಾಗಬೇಕಾದುದಿಲ್ಲ. ನಮ್ಮ ಕರಾವಳಿಯಲ್ಲಿಯೇ ಒಂದು ದಾರಿಯು ಕಣ್ಣಿಗೆ ಕಾಣುವಂತಿದೆ. ಮಂಗಳೂರ ಸೀಮೆಯಲ್ಲಿ ತೆಂಗು-ತಾಳೆಗಳಿಂದ ಕಳ್ಳು ಇಳಿಸುತ್ತಿದ್ದ ಬಿಲ್ಲವರಿಗೆ ದೊಡ್ಡ ಗುಡಿಗಳೊಳಗೆ ಪ್ರವೇಶವಿರಲಿಲ್ಲ. ಅವರು ಯಾರ ಗುಡಿಯ ಬಾಗಿಲಲ್ಲಿಯೂ ಬೇಡುತ್ತ ನಿಲ್ಲದೆ ಕೇರಳದಿಂದ ನಾರಾಯಣ ಗುರುಗಳನ್ನು ಬರಮಾಡಿಕೊಂಡರು. 1888ರಲ್ಲಿ ಅರುವಿಪ್ಪುರದ ಹೊಳೆಯೊಳಗಿನ ಕಲ್ಲನ್ನು ತೆಗೆದು ಶಿವನೆಂದು ತಾವೇ ಪ್ರತಿಷ್ಠಿಸಿದ ಆ ಮಹಾನುಭಾವರು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆಮಾಡಿದರು. ಕಳ್ಳನ್ನು ಬಿಡಿರಿ, ವಿದ್ಯೆಯನ್ನು ಪಡೆಯಿರಿ, ಸಂಘಟಿತರಾಗಿರಿ ಎಂಬದು ಅವರ ಬೋಧೆಯಾಗಿತ್ತು. ಇದರಲ್ಲಿಯೂ ಸಂಸ್ಕೃತದ ಮಂತ್ರವಿಲ್ಲವೇ, ಶಿವಪೂಜೆಯಿಲ್ಲವೇ, ಇದೂ ಅನುಕರಣವೇ ಅಲ್ಲವೇ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ನಿಜ. ಆದರೆ ಫಲವನ್ನು ನೋಡಿರಿ: ಆ ದೇವಸ್ಥಾನದ ತೇರನ್ನು 2011ರಲ್ಲಿ ವಿಧವೆಯರು ಎಳೆದರು, 2013ರಲ್ಲಿ ಇಬ್ಬರು ವಿಧವೆಯರನ್ನೇ ಅಲ್ಲಿ ಅರ್ಚಕರನ್ನಾಗಿ ನೇಮಿಸಿದರು. ಮೇಲೇರುವಾಗ ಉಳಿದ ಜಾತಿಗಳು ಯಾರನ್ನು ಮೂಲೆಗೆ ತಳ್ಳಿದವೋ ಅವರನ್ನು ಇವರು ಗರ್ಭಗುಡಿಯೊಳಗೆ ಕರೆದರು. ಅದೇ ಮಂಗಳೂರಿನಲ್ಲಿ 1897ರಲ್ಲಿ ದಲಿತ ವರ್ಗಗಳ ಏಳಿಗೆಗಾಗಿ ಸಂಸ್ಥೆಯನ್ನು ಕಟ್ಟಿದ ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾಯರು ತಮ್ಮ ಮಗಳನ್ನು ಜಾತಿಯ ಹೊರಗೆ ಮದುವೆಮಾಡಿ ಕೊಟ್ಟು, ತಮ್ಮವರ ಬಹಿಷ್ಕಾರವನ್ನು ಲೆಕ್ಕಿಸದೆ, ಏಣಿಯನ್ನು ಇಳಿದು ಬಂದು ತೋರಿಸಿದರು. ಏರಿದವರ ಹೆಸರುಗಳು ನಮ್ಮಲ್ಲಿ ಬಹಳ; ಇಳಿದವರ ಹೆಸರುಗಳನ್ನು ಬೆರಳಲ್ಲಿ ಎಣಿಸಬೇಕು.

ಆದ್ದರಿಂದ ನಾಡಿನ ಜಾತಿಸಂಘಗಳಿಗೂ ಮಠಗಳಿಗೂ ನಮ್ಮ ಸೂಚನೆಯೊಂದಿದೆ. ವೀರಶೈವ ಮಹಾಸಭೆಯು 1904ರಲ್ಲಿಯೂ ಒಕ್ಕಲಿಗರ ಸಂಘವು 1906ರಲ್ಲಿಯೂ ಹುಟ್ಟಿದವು; ಇವುಗಳೂ ಇವುಗಳ ಹಿಂದೆ ಹುಟ್ಟಿದ ಹತ್ತಾರು ಸಂಘಗಳೂ ಕಟ್ಟಿದ ವಿದ್ಯಾಲಯಗಳಿಂದ, ಪ್ರಸಾದನಿಲಯಗಳಿಂದ ನಾಡಿಗೆ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವದನ್ನು ನಾಡೇ ನೋಡಿದೆ. ಅಲ್ಲಿ ಆದದ್ದು ಉಳಿದೆಡೆಗಳಲ್ಲಿ ಏಕಾಗಬಾರದು? ಪ್ರತಿಯೊಂದು ಸಂಘವೂ ತನ್ನ ಮುಂದಿನ ಅಧಿವೇಶನದಲ್ಲಿ, ಪಾಲನ್ನು ಕೇಳುವ ಠರಾವಿನ ಜೊತೆಗೆ, ಇನ್ನೂ ಮೂರು ಠರಾವುಗಳನ್ನು ಮಂಡಿಸಲಿ. ತನ್ನ ವಸತಿಗೃಹಗಳ ನೂರು ಸ್ಥಾನಗಳಲ್ಲಿ ಇಂತಿಷ್ಟು ಪರಿಶಿಷ್ಟರ ಮಕ್ಕಳಿಗೆಂದು ಗೊತ್ತುಪಡಿಸಲಿ, ಮತ್ತು ಆ ಸಂಖ್ಯೆಯನ್ನು ವರ್ಷವರ್ಷವೂ ಅಚ್ಚುಹಾಕಿಸಲಿ. ಹಿಂದೆ ತಮ್ಮ ಜಾತಿಯಲ್ಲಿ ನಡೆಯುತ್ತಿದ್ದ ಉಡಿಕೆಯನ್ನು ನಿಲ್ಲಿಸಿದವರು ಹಗಲಿನಲ್ಲಿ, ವಾಲಗದೊಡನೆ, ಮುತ್ತೈದೆಯರನ್ನೂ ಕರೆದು ವಿಧವೆಯರ ಲಗ್ನಗಳನ್ನು ತಮ್ಮ ಕಲ್ಯಾಣಮಂಟಪಗಳಲ್ಲಿ ಬಾಡಿಗೆಯಿಲ್ಲದೆ ಮಾಡಿಸಲಿ. ಮೂರನೆಯದು ಕಠಿಣವಾದದ್ದು, ಅದನ್ನು ಮಂಡಿಸುವವನಿಗೆ ಸಭೆಯಲ್ಲಿ ಕೈಚಪ್ಪಾಳೆಯು ಬೀಳಲಿಕ್ಕಿಲ್ಲ. ತಮ್ಮ ಜಾತಿಯವರು ಹೆಚ್ಚಾಗಿರುವ ಊರುಗಳಲ್ಲಿ ಗುಡಿ, ಬಾವಿ, ನಳ, ಹೊಟೆಲ್ಲು, ಕ್ಷೌರದ ಅಂಗಡಿ ಇವುಗಳಲ್ಲಿ ಯಾವದರಲ್ಲಿಯೇ ಆಗಲಿ ದಲಿತರಿಗೆ ತಡೆಯಾದರೆ, ಪೋಲೀಸರು ಬರುವದಕ್ಕೆ ಮುಂಚೆ ಸಂಘದ ತಾಲೂಕಾ ಅಧ್ಯಕ್ಷನೇ ಅಲ್ಲಿಗೆ ಹೋಗಿ, ಅವರೊಡನೆ ಒಳಗೆ ಪ್ರವೇಶಿಸಿ, ಅಲ್ಲಿಯ ನೀರನ್ನು ಅವರ ಕೈಯಿಂದಲೇ ಇಸಿದುಕೊಂಡು ಕುಡಿದು ಬರತಕ್ಕದ್ದು.